ಇಪ್ಪತ್ತೈದು ಕನೆಕ್ಷನ್‌ಗಳಲ್ಲಿ ಆರು ಅಪ್ಲಿಕೇಷನ್‌ಗಳು: ನನ್ನ ಅನುಭವ

ಆರು ಅಪ್ಲಿಕೇಷನ್‌ಗಳು ಸೇರಿ ಒಂದೇ ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್‌ನಿಂದ ಸುಮಾರು 600 ಕನೆಕ್ಷನ್‌ಗಳನ್ನು ಕೇಳುತ್ತಿದ್ದ ಕಾಲದಲ್ಲಿ, ಡೇಟಾಬೇಸಿನ ಕಡೆಗೆ 25 ಕನೆಕ್ಷನ್ ಇದ್ದರೆ ಸಾಕು ಎಂದು ನಾನು ಹೇಳಿದ್ದನ್ನು ತಂಡದಲ್ಲಿ ಯಾರೂ ಒಪ್ಪಲಿಲ್ಲ. ಆ ಏರ್ಪಾಡು ಈಗ ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತಿದೆ, ಸರ್ವರ್ ಬಾಡಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ, ಅಂದು ಒಪ್ಪದವರೇ ಇಂದು ತಮ್ಮ ಬೇರೆ ಯೋಜನೆಗಳಿಗೆ ಅದನ್ನು ಹಾಕಿಕೊಡಿ ಎಂದು ಕೇಳುತ್ತಿದ್ದಾರೆ. ಅದಕ್ಕಾಗಿ ನಡೆದುದನ್ನು ನಡೆದಂತೆಯೇ ಬರೆದಿಡುತ್ತಿದ್ದೇನೆ. ಪೂಲ್ ಎಂದರೆ ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಕನೆಕ್ಷನ್‌ಗಳ ಗುಂಪು, ಪೋರ್ಟ್ ಎಂದರೆ ಸರ್ವರ್‌ನಲ್ಲಿ ಒಂದು ಸೇವೆ ಕೇಳುತ್ತಿರುವ ಬಾಗಿಲಿನ ಸಂಖ್ಯೆ, ರೋಲ್ ಎಂದರೆ ಡೇಟಾಬೇಸಿನ ಬಳಕೆದಾರ ಖಾತೆ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ, ಸ್ವಲ್ಪ ಆಚೀಚೆ ಇರಬಹುದು.

ತೊಂದರೆ ಕಾಣಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ರೂಪದಲ್ಲೇ. ಹೊಸ ಆವೃತ್ತಿಯನ್ನು ಏರಿಸಿದಾಗಲೆಲ್ಲ ‘ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ (ಈಗಾಗಲೇ ಕನೆಕ್ಷನ್‌ಗಳು ತುಂಬಿವೆ) ಎಂಬ ದೋಷ ಬರುತ್ತಿತ್ತು. ಕಾರಣ ಬರಿಯ ಗುಣಾಕಾರ. ಜಾವಾ ಸೇವೆಗಳಲ್ಲಿ ಹಿಕಾರಿ ಎಂಬ ಪೂಲ್ ಲೈಬ್ರರಿ ಇತ್ತು, ಅದರ ಮೂಲ ಮಿತಿ (ನಾವು ಬದಲಿಸದಿದ್ದರೆ ಇರುವ ಅಂಕಿ) ಓಡುತ್ತಿರುವ ಸೇವೆಯ ಒಂದು ಪ್ರತಿಗೆ 10. ಒಂದು ಸೇವೆಯ ಎಂಟು ಪ್ರತಿಗಳು ಓಡಿದರೆ 80 ಕನೆಕ್ಷನ್. ಹೊಸ ಆವೃತ್ತಿಯನ್ನು ಏರಿಸುವಾಗ ಹಳೆಯ ಮತ್ತು ಹೊಸ ಪ್ರತಿಗಳು ಕೆಲವು ನಿಮಿಷ ಒಟ್ಟಿಗೇ ಇರುವುದರಿಂದ 160. ಪೋಸ್ಟ್‌ಗ್ರೆಸ್ಸಿನ ಮೂಲ ಮಿತಿ 100, ಅದರಲ್ಲಿಯೂ 3 ಸೂಪರ್‌ಯೂಸರ್‌ಗಾಗಿ (ಪೂರ್ಣ ಅಧಿಕಾರದ ಖಾತೆ) ಮೀಸಲು. ಹೀಗಿರುವಾಗ ಒಂದು ಸೇವೆಯೇ ಇಡೀ ಸರ್ವರನ್ನು ತುಂಬಿಬಿಡುತ್ತಿತ್ತು, ಉಳಿದ ಐದು ಬಾಗಿಲಲ್ಲಿ ನಿಲ್ಲುತ್ತಿದ್ದವು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಮಿತಿಯನ್ನು 400ಕ್ಕೆ, ಆಮೇಲೆ 700ಕ್ಕೆ ಏರಿಸಲಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ನೂ ಒಂದು ಪ್ರತ್ಯೇಕ ಪ್ರೊಸೆಸ್ (ತನ್ನದೇ ಮೆಮೊರಿ ಬಳಸಿ ಓಡುವ ಪ್ರೋಗ್ರಾಂ) ಆದ್ದರಿಂದ ಮೆಮೊರಿ ಸಾಲದಾಯಿತು, ಅದಕ್ಕಾಗಿ ಎರಡು ಪಟ್ಟು ಮೆಮೊರಿಯ ಸರ್ವರ್ ಪಡೆಯಲಾಯಿತು. ತಿಂಗಳ ಬಾಡಿಗೆಯೂ ಎರಡು ಪಟ್ಟಾಯಿತು. ದೋಷ ನಿಂತಿತು, ಆದರೆ ದಟ್ಟಣೆಯ ಹೊತ್ತಿನಲ್ಲಿ ಕ್ವೆರಿಗಳು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು) ಮೊದಲಿಗಿಂತ ನಿಧಾನವಾದವು. ಏಕೆಂದರೆ ಎಂಟು ಪ್ರೊಸೆಸರ್ ಕೋರ್‌ಗಳ ಮೇಲೆ ನೂರಾರು ಪ್ರೊಸೆಸ್‌ಗಳು ಒಮ್ಮೆಲೇ ಓಡಲು ಹೊರಟರೆ ಒಂದೂ ಬೇಗ ಮುಗಿಯುವುದಿಲ್ಲ. ಹಲವು ತಿಂಗಳು ಆ ಹೆಚ್ಚಿನ ಬಾಡಿಗೆಯನ್ನು ಕಟ್ಟಿದ್ದೇವೆ. ಇನ್ನೂ ದೊಡ್ಡ ಸರ್ವರ್ ಬೇಕೆಂಬ ಪ್ರಸ್ತಾವ ಬಂದಾಗಲೇ ನಾನು 25ರ ಮಾತನ್ನು ಎತ್ತಿದ್ದು.

ಆ ಅಂಕಿಯನ್ನು ನಾನು ಊಹೆಯಿಂದ ಹೇಳಿರಲಿಲ್ಲ. ಯಾವ ಕನೆಕ್ಷನ್ ಏನು ಮಾಡುತ್ತಿದೆ ಎಂದು ತೋರಿಸುವ ಪಿಜಿ ಸ್ಟಾಟ್ ಆ್ಯಕ್ಟಿವಿಟಿಯನ್ನು ಕೆಲವು ವಾರ ಹತ್ತು ಸೆಕೆಂಡಿಗೊಮ್ಮೆ ಬರೆದಿಟ್ಟು ನೋಡಿದಾಗ, ಐನೂರಕ್ಕೂ ಹೆಚ್ಚು ಕನೆಕ್ಷನ್‌ಗಳಿದ್ದರೂ ಒಂದು ಕ್ಷಣದಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವು ಏಳೆಂಟು, ಅತಿ ದಟ್ಟಣೆಯಲ್ಲಿ ಹದಿನೈದರ ಆಸುಪಾಸು. ಉಳಿದವೆಲ್ಲ ‘ಐಡಲ್’, ಅಂದರೆ ಸುಮ್ಮನಿದ್ದವು. ಆದರೆ ಒಂದು ಗುಂಪು ಮಾತ್ರ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಸ್ಥಿತಿಯಲ್ಲಿ (ಟ್ರಾನ್ಸಾಕ್ಷನ್, ಅಂದರೆ ಒಂದೇ ಘಟಕವಾಗಿ ನಡೆಯಬೇಕಾದ ಕೆಲಸ, ತೆರೆದು ಮುಗಿಸದೆ) ಗಂಟೆಗಟ್ಟಲೆ ಕೂತಿರುತ್ತಿತ್ತು. ಅದು ವರದಿ ತೆಗೆಯುವ ಉಪಕರಣ. ಬಳಕೆದಾರರು ಪರದೆಯನ್ನು ತೆರೆದಿಟ್ಟು ಎದ್ದುಹೋದರೆ ಅದು ಟ್ರಾನ್ಸಾಕ್ಷನ್ ಮುಚ್ಚದೆ ಹಿಡಿದುಕೊಂಡಿರುತ್ತಿತ್ತು, ಪೋಸ್ಟ್‌ಗ್ರೆಸ್ಸಿನ ಸ್ವಚ್ಛತೆಯ ಕೆಲಸವಾದ ವ್ಯಾಕ್ಯೂಮ್ ಕೂಡ ಅದರಿಂದಾಗಿ ಹಳೆಯ ಸಾಲುಗಳನ್ನು ತೆಗೆಯಲಾರದೆ ಉಳಿಯುತ್ತಿತ್ತು. ಆ ರೋಲ್‌ಗೆ ಮಾತ್ರ ‘ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್’ ಅನ್ನು ಎರಡು ನಿಮಿಷಕ್ಕೆ ಇಟ್ಟೆ; ಅಷ್ಟು ಹೊತ್ತು ಹಾಗೆ ಕೂತ ಕನೆಕ್ಷನ್ ತಾನಾಗಿ ಕಡಿಯುತ್ತದೆ. ಈ ಒಂದು ಸಾಲಿನಿಂದ ಸಿಕ್ಕ ಬಿಡುವು ಆ ಎರಡು ಪಟ್ಟು ಬಾಡಿಗೆಯಿಂದ ಸಿಕ್ಕಿದ್ದಕ್ಕಿಂತ ಹೆಚ್ಚು ಎಂದು ಇಂದಿಗೂ ಹೇಳುತ್ತೇನೆ.

ನಂತರ ಹಲವು ಕ್ಲೈಂಟ್‌ಗಳಿಗೆ (ಸಂಪರ್ಕಿಸುವ ಅಪ್ಲಿಕೇಷನ್‌ಗಳಿಗೆ) ಕೆಲವೇ ಡೇಟಾಬೇಸ್ ಕನೆಕ್ಷನ್‌ಗಳನ್ನು ಹಂಚುವ ಪಿಜಿಬೌನ್ಸರ್ ಎಂಬ ತಂತ್ರಾಂಶವನ್ನು ಅಪ್ಲಿಕೇಷನ್‌ಗಳ ಮತ್ತು ಡೇಟಾಬೇಸಿನ ನಡುವೆ ಕೂರಿಸಿದೆ. ಅದರ ಮೂಲ ಕ್ರಮ ಸೆಷನ್ ಪೂಲಿಂಗ್. ಆ ಕ್ರಮದಲ್ಲಿ ಕ್ಲೈಂಟ್ ಬಿಡುವವರೆಗೆ ಡೇಟಾಬೇಸ್ ಕನೆಕ್ಷನ್ನೂ ಬಿಡುಗಡೆಯಾಗುವುದಿಲ್ಲ. ಅಪ್ಲಿಕೇಷನ್ನಿನೊಳಗಿನ ಪೂಲ್ ತನ್ನ ಹತ್ತನ್ನು ಎಂದೂ ಬಿಡುವುದೇ ಇಲ್ಲವಾದ್ದರಿಂದ ಲಾಭ ಶೂನ್ಯ. ಹಲವರು ಇಲ್ಲಿಯೇ ಕೈಬಿಟ್ಟು, ಪಿಜಿಬೌನ್ಸರ್‌ನಿಂದ ಉಪಯೋಗವಿಲ್ಲ ಎಂದು ತೀರ್ಮಾನಿಸುತ್ತಾರೆ. ಬೇಕಾದದ್ದು ಪ್ರತಿ ಟ್ರಾನ್ಸಾಕ್ಷನ್ ಮುಗಿದೊಡನೆ ಕನೆಕ್ಷನ್ ಬಿಡುಗಡೆ ಮಾಡುವ ಟ್ರಾನ್ಸಾಕ್ಷನ್ ಪೂಲಿಂಗ್. ಅದಕ್ಕೆ ಬದಲಿಸಿದ ದಿನವೇ ಜಾವಾ ಸೇವೆಗಳು ‘ಎಸ್ 1 ಎಂಬ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮತ್ತೆ ಮತ್ತೆ ಬಳಸಲು ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿ) ಇಲ್ಲ’ ಎಂದು ಕೂಗತೊಡಗಿದವು, ತಂಡದವರು ‘ನಾವು ಮೊದಲೇ ಹೇಳಿರಲಿಲ್ಲವೇ’ ಎಂದರು. ಒಂದು ಕನೆಕ್ಷನ್‌ನಲ್ಲಿ ಸಿದ್ಧಪಡಿಸಿದ ಸ್ಟೇಟ್‌ಮೆಂಟನ್ನು ಮುಂದಿನ ಟ್ರಾನ್ಸಾಕ್ಷನ್ ಬೇರೊಂದು ಕನೆಕ್ಷನ್‌ನಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ? ಆಗ ಜಾವಾದಿಂದ ಡೇಟಾಬೇಸಿಗೆ ಸಂಪರ್ಕಿಸುವ ಜೆಡಿಬಿಸಿಯ ಪ್ರಿಪೇರ್ ಥ್ರೆಶೋಲ್ಡ್ ಅನ್ನು 0ಗೆ ಇಳಿಸಿ, ಅಂದರೆ ಹಾಗೆ ಸಿದ್ಧಪಡಿಸಿಡುವುದನ್ನೇ ನಿಲ್ಲಿಸಿ ಕೆಲಸ ಸಾಗಿಸಿದೆ. ಪಿಜಿಬೌನ್ಸರ್ 1.21ರಿಂದ ಈಚೆಗೆ ಟ್ರಾನ್ಸಾಕ್ಷನ್ ಕ್ರಮದಲ್ಲಿಯೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗಳಿಗೆ ಬೆಂಬಲ ಬಂದಿದೆ; ‘ಮ್ಯಾಕ್ಸ್ ಪ್ರಿಪೇರ್ಡ್ ಸ್ಟೇಟ್‌ಮೆಂಟ್ಸ್’ ಅನ್ನು 200ಕ್ಕೆ ಇಟ್ಟ ಮೇಲೆ ಆ ಹಳೆಯ ಪರಿಹಾರವನ್ನು ತೆಗೆದುಹಾಕಿದೆ.

ಇನ್ನೂ ಕೆಲವು ಮುರಿದವು. ಸರ್ಚ್ ಪಾಥನ್ನು (ಟೇಬಲ್ಲನ್ನು ಯಾವ ಸ್ಕೀಮಾದಲ್ಲಿ, ಅಂದರೆ ಟೇಬಲ್‌ಗಳ ಯಾವ ಗುಂಪಿನಲ್ಲಿ ಹುಡುಕಬೇಕೆಂಬ ಹೊಂದಿಕೆ) ‘ಸೆಟ್’ ಮಾಡಿ ಕೆಲಸ ಮಾಡುತ್ತಿದ್ದ ಒಂದು ಸೇವೆಯ ಹೊಂದಿಕೆ, ಅದೇ ರೋಲ್‌ನಿಂದ ಬರುತ್ತಿದ್ದ ಇನ್ನೊಂದು ಕೆಲಸಕ್ಕೆ ಹರಿದುಹೋಗಿ ಬೇರೆ ಸ್ಕೀಮಾದ ಟೇಬಲ್ ಓದಿಸಿತು. ಅದಕ್ಕೆ ಸರ್ಚ್ ಪಾಥನ್ನು ರೋಲ್‌ಗೇ ಕಟ್ಟಿಬಿಟ್ಟೆ. ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಅಪ್ಲಿಕೇಷನ್ ತಾನೇ ಹಾಕಿಕೊಳ್ಳುವ ಬೀಗ) ಮತ್ತು ‘ಲಿಸನ್’ (ಡೇಟಾಬೇಸಿನ ಸೂಚನೆಗೆ ಕಾಯುವುದು) ಟ್ರಾನ್ಸಾಕ್ಷನ್ ಕ್ರಮದಲ್ಲಿ ನಡೆಯುವುದಿಲ್ಲ. ಅವುಗಳನ್ನು ಬಳಸುವ ಎರಡು ಕೆಲಸಗಳನ್ನೂ ಸ್ಕೀಮಾ ಬದಲಾವಣೆಯ ಸ್ಕ್ರಿಪ್ಟ್‌ಗಳನ್ನೂ ಪಿಜಿಬೌನ್ಸರ್‌ನ 6432 ಪೋರ್ಟಿನ ಬದಲು ನೇರವಾಗಿ ಪೋಸ್ಟ್‌ಗ್ರೆಸ್ಸಿನ 5432ಕ್ಕೇ ಕಳಿಸಿದೆ.

ಪೂಲ್ ಗಾತ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಪಿಜಿಬೌನ್ಸರ್‌ನಲ್ಲಿ ‘ಡಿಫಾಲ್ಟ್ ಪೂಲ್ ಸೈಜ್’ 20 ಎಂದರೆ ಒಟ್ಟು 20 ಅಲ್ಲ, ಪ್ರತಿ ಬಳಕೆದಾರ ಮತ್ತು ಡೇಟಾಬೇಸ್ ಜೋಡಿಗೆ 20. ಆರು ರೋಲ್‌ಗಳಿದ್ದರೆ 120 ಆಗುತ್ತದೆ. ಒಟ್ಟು ಮಿತಿಗೆ ‘ಮ್ಯಾಕ್ಸ್ ಡಿಬಿ ಕನೆಕ್ಷನ್ಸ್’ ಬೇಕು. ಅದನ್ನು 25ಕ್ಕೆ ಇಟ್ಟು, ‘ಮ್ಯಾಕ್ಸ್ ಕ್ಲೈಂಟ್ ಕನೆಕ್ಷನ್’ ಅನ್ನು ಅದರ ಮೂಲ ಅಂಕಿಯಾದ 100ರಿಂದ 1000ಕ್ಕೆ ಏರಿಸಿದೆ. 10, 25, 50, 100 ಹೀಗೆ ಗಾತ್ರ ಬದಲಿಸಿ ಪೋಸ್ಟ್‌ಗ್ರೆಸ್ಸಿನ ವೇಗ ಅಳೆಯುವ ಪಿಜಿಬೆಂಚ್‌ನಲ್ಲಿ ಅಳೆದು ನೋಡಿದ್ದೇನೆ: 10ರಿಂದ 25ಕ್ಕೆ ಹೋದಾಗ ಸೆಕೆಂಡಿನ ಟ್ರಾನ್ಸಾಕ್ಷನ್‌ಗಳು ಚೆನ್ನಾಗಿ ಏರಿದವು, 50ಕ್ಕೆ ಹೆಚ್ಚುಕಡಿಮೆ ಅಷ್ಟೇ ನಿಂತವು, 100ಕ್ಕೆ ಇಳಿದವು. ಒಂದೊಂದು ರೋಲ್‌ಗೆ ಆ 25ರಲ್ಲಿ ಎಷ್ಟೆಷ್ಟು ಹಂಚಿದೆ, ಯಾವ ಲೆಕ್ಕದಿಂದ ಹಂಚಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಹಳ ಕಷ್ಟಪಟ್ಟು ಕಂಡುಕೊಂಡದ್ದು ಅದು. ಪಿಜಿಬೌನ್ಸರ್‌ನ ‘ಶೋ ಪೂಲ್ಸ್’ ಆದೇಶದಲ್ಲಿ ಕಾಯುತ್ತಿರುವ ಕ್ಲೈಂಟ್‌ಗಳ ಅಂಕಣವನ್ನೂ ‘ಮ್ಯಾಕ್ಸ್‌ವೇಟ್’ (ಸಾಲಿನ ಮೊದಲ ಕ್ಲೈಂಟ್ ಕಾದ ಹೊತ್ತು) ಅಂಕಣವನ್ನೂ ದಿನವಿಡೀ ಬರೆದಿಟ್ಟು ನೋಡುವವರಿಗೆ ಅದು ತಾನಾಗಿ ಸಿಗುತ್ತದೆ.

ಕನೆಕ್ಷನ್ ಸಂಖ್ಯೆಗಿಂತ ಹೆಚ್ಚು ಸಮಯ ತಿಂದದ್ದು ಪ್ರವೇಶದ ತೊಂದರೆಗಳು. ‘ಡೇಟಾಬೇಸ್ ಕನೆಕ್ಟ್ ಆಗುತ್ತಿಲ್ಲ’ ಎಂಬ ದೂರು ಬಂದಾಗ ನಾನು ಮೊದಲು ಕೇಳುವುದು ಒಂದೇ: ತಕ್ಷಣ ನಿರಾಕರಣೆ ಬಂತೇ, ಸುಮ್ಮನೆ ಕಾದು ಟೈಮ್‌ಔಟ್ ಆಯಿತೇ, ಅಥವಾ ಡೇಟಾಬೇಸೇ ಮಾತಾಡಿ ಬೇಡವೆಂದಿತೇ? ತಕ್ಷಣದ ನಿರಾಕರಣೆ ಎಂದರೆ ಬಹುಮಟ್ಟಿಗೆ ಆ ವಿಳಾಸದ ಆ ಪೋರ್ಟಿನಲ್ಲಿ ಕೇಳುವವರಿಲ್ಲ. ಸರ್ವರ್ ಯಾವ ವಿಳಾಸಗಳಲ್ಲಿ ಕೇಳಬೇಕೆಂಬ ಲಿಸನ್ ಅಡ್ರೆಸಸ್ ‘ಲೋಕಲ್‌ಹೋಸ್ಟ್’ (ಅದೇ ಯಂತ್ರ) ಎಂದೇ ಉಳಿದಿರಬಹುದು, ಅಥವಾ ಕಂಟೇನರ್ ಎಂಬ ಪ್ರತ್ಯೇಕ ಪರಿಸರದೊಳಗಿನ ಅಪ್ಲಿಕೇಷನ್ ‘ಲೋಕಲ್‌ಹೋಸ್ಟ್’ ಎಂದು ತನ್ನನ್ನೇ ಕರೆದುಕೊಳ್ಳುತ್ತಿರಬಹುದು. ಟೈಮ್‌ಔಟ್ ಎಂದರೆ ಬಹುಮಟ್ಟಿಗೆ ದಾರಿಯಲ್ಲಿ ಯಾವುದೋ ಫೈರ್‌ವಾಲ್ (ನೆಟ್‌ವರ್ಕಿನ ಕಾವಲು) ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತಿದೆ. ಡೇಟಾಬೇಸಿನದೇ ದೋಷಸಂದೇಶ ಬಂದಿದ್ದರೆ ನೆಟ್‌ವರ್ಕ್ ಸರಿಯಿದೆ ಎಂದೇ ಅರ್ಥ. ಆಮೇಲೆ ಫೈರ್‌ವಾಲ್ ಮುಟ್ಟುವುದು ಕಾಲಹರಣ. ಈ ವಿಂಗಡಣೆಯನ್ನು ಮಾಡದೆ ಪಾಸ್‌ವರ್ಡ್ ದೋಷಕ್ಕೆ ಪೋರ್ಟುಗಳನ್ನೆಲ್ಲ ತೆರೆದಿಟ್ಟ ಸರ್ವರ್‌ಗಳನ್ನು ನೋಡಿದ್ದೇನೆ. ಅದು ಅಪಾಯದ ಕೆಲಸ.

ಕ್ಲೈಂಟ್‌ಗೆ ಕಾಣುವ ಸಂದೇಶವನ್ನು ನಂಬಿ ಕೂರಬಾರದು, ಸರ್ವರ್ ಲಾಗನ್ನೇ ತೆರೆಯಬೇಕು. ರೋಲ್ ಇಲ್ಲದಿದ್ದರೂ, ರೋಲ್‌ಗೆ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೂ, ಪಾಸ್‌ವರ್ಡ್ ತಪ್ಪಾಗಿದ್ದರೂ ಕ್ಲೈಂಟ್‌ಗೆ ಬರುವುದು ‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’ ಒಂದೇ. ನಿಜವಾದ ಕಾರಣ ಲಾಗ್‌ನಲ್ಲಿರುತ್ತದೆ, ಜೊತೆಗೆ ಯಾರು ಎಲ್ಲಿಂದ ಹೇಗೆ ಪ್ರವೇಶಿಸಬಹುದೆಂದು ಹೇಳುವ ಎಚ್‌ಬಿಎ ಕಡತದ ಯಾವ ಸಾಲು ಹೊಂದಿಕೆಯಾಯಿತು ಎಂಬುದೂ ಇರುತ್ತದೆ. ಆ ಕಡತದಲ್ಲಿ ಮೇಲಿನಿಂದ ಮೊದಲು ಹೊಂದಿಕೆಯಾದ ಸಾಲೇ ಕೊನೆಯ ತೀರ್ಪು. ಅಲ್ಲಿ ಸೋತರೆ ಮುಂದಿನ ಸಾಲನ್ನು ಅದು ನೋಡುವುದಿಲ್ಲ. ಹೀಗಿದ್ದರೂ ಹೊಸ ಸಾಲನ್ನು ಕಡತದ ತುದಿಗೆ ಸೇರಿಸಿ ‘ಬದಲಿಸಿದರೂ ಆಗುತ್ತಿಲ್ಲ’ ಎನ್ನುವವರು ಬಹಳ. ಐಪಿವಿ6 (ಹೊಸ ಮಾದರಿಯ ನೆಟ್‌ವರ್ಕ್ ವಿಳಾಸ) ಇನ್ನೊಂದು ತೊಂದರೆ: ‘ಲೋಕಲ್‌ಹೋಸ್ಟ್’ ಎಂಬುದು ಆ ಮಾದರಿಯ ::1 ಆಗಿ ಬಿಡಿಸಿಕೊಂಡರೆ 127.0.0.1ಕ್ಕೆ ಬರೆದ ಸಾಲು ಹೊಂದುವುದಿಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ಪಾಸ್‌ವರ್ಡನ್ನು ಉಳಿಸಿ ಪರೀಕ್ಷಿಸುವ ಸ್ಕ್ರಾಮ್ ಎಂಬ ಕ್ರಮ. ಪೋಸ್ಟ್‌ಗ್ರೆಸ್ 14ರಿಂದ ಹೊಸ ಪಾಸ್‌ವರ್ಡ್‌ಗಳು ಮೂಲತಃ ಸ್ಕ್ರಾಮ್ ರೂಪದಲ್ಲಿಯೇ ಉಳಿಯುತ್ತವೆ. ಹಳೆಯ ಪಿಎಚ್‌ಪಿ ಅಪ್ಲಿಕೇಷನ್ ಒಂದರ ಲಿಬ್‌ಪಿಕ್ಯೂ (ಪೋಸ್ಟ್‌ಗ್ರೆಸ್‌ಗೆ ಸಂಪರ್ಕಿಸುವ ಲೈಬ್ರರಿ) 10ನೇ ಆವೃತ್ತಿಗಿಂತ ಹಿಂದಿನದಾಗಿದ್ದರಿಂದ ಅದಕ್ಕೆ ಸ್ಕ್ರಾಮ್ ಬಾರದು. ಎಚ್‌ಬಿಎ ಕಡತದಲ್ಲಿ ಹಳೆಯ ಕ್ರಮವಾದ ‘ಎಂಡಿ5’ ಎಂದು ಬರೆದುಬಿಡಿ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬಂತು. ಅದು ನಡೆಯುವುದಿಲ್ಲ: ಪಾಸ್‌ವರ್ಡ್ ಸ್ಕ್ರಾಮ್ ಆಗಿ ಉಳಿದಿದ್ದರೆ ‘ಎಂಡಿ5’ ಎಂಬ ಸಾಲೂ ಸ್ಕ್ರಾಮನ್ನೇ ಬಳಸುತ್ತದೆ. ಇದರ ತಿರುವುಮುರುವು ಇನ್ನೂ ಕಷ್ಟದ್ದು. ಪಾಸ್‌ವರ್ಡ್ ಹಳೆಯ ಎಂಡಿ5 ರೂಪದಲ್ಲಿದ್ದು ಸಾಲಿನಲ್ಲಿ ಸ್ಕ್ರಾಮ್ ಎಂದಿದ್ದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪೆಂದೇ ಹೇಳುತ್ತದೆ. ಭದ್ರತೆಯನ್ನು ಇಳಿಸುವ ಬದಲು ಆ ಅಪ್ಲಿಕೇಷನ್ನಿನ ಲೈಬ್ರರಿಯನ್ನೇ ಏರಿಸಿ, ಹಳೆಯ ರೋಲ್‌ಗಳಿಗೆಲ್ಲ ಪಾಸ್‌ವರ್ಡ್ ಮತ್ತೆ ಇಟ್ಟೆ. ಪಿಜಿಬೌನ್ಸರ್‌ನ ಬಳಕೆದಾರರ ಕಡತದಲ್ಲಿ ಸ್ಕ್ರಾಮ್ ರಹಸ್ಯವನ್ನು ಇಡುವುದಾದರೆ ಅದು ಸರ್ವರ್‌ನಲ್ಲಿರುವುದರ ಅಕ್ಷರಶಃ ನಕಲಾಗಿರಬೇಕು. ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಅದು ಹೊಸ ಸಾಲ್ಟ್‌ನೊಂದಿಗೆ (ಜೊತೆಗೆ ಬೆರೆಸುವ ಯಾದೃಚ್ಛಿಕ ಅಕ್ಷರಗಳು) ಬೇರೆಯಾಗುವುದರಿಂದ, ನಾನು ಆ ಕಡತವನ್ನು ಬಿಟ್ಟು ರಹಸ್ಯವನ್ನು ಸರ್ವರ್‌ನಿಂದಲೇ ಕೇಳಿ ಪಡೆಯುವ ‘ಆಥ್ ಕ್ವೆರಿ’ಗೆ ಹೋದೆ.

ಇನ್ನೊಂದು ದೂರು ಪ್ರತಿ ಬೆಳಿಗ್ಗೆ ಬರುತ್ತಿತ್ತು: ದಿನದ ಮೊದಲ ಕ್ವೆರಿ ನಿಮಿಷಗಟ್ಟಲೆ ನೇತಾಡಿ ಸಾಯುತ್ತದೆ. ರಾತ್ರಿ ಬಳಕೆಯಿಲ್ಲದ ಕನೆಕ್ಷನ್‌ಗಳನ್ನು ನಡುವಿನ ಫೈರ್‌ವಾಲ್ ಮರೆತುಬಿಡುತ್ತಿತ್ತು, ಎರಡೂ ತುದಿಗಳಿಗೆ ಅದು ಗೊತ್ತೇ ಇರುತ್ತಿರಲಿಲ್ಲ. ಸುಮ್ಮನಿರುವ ಕನೆಕ್ಷನ್ ಇನ್ನೂ ಜೀವಂತವಾಗಿದೆಯೇ ಎಂದು ಕೇಳುವ ಕೀಪ್‌ಅಲೈವ್‌ಗೆ ಲಿನಕ್ಸ್‌ನ ಮೂಲ ಅವಧಿ 7200 ಸೆಕೆಂಡ್, ಅಂದರೆ ಎರಡು ಗಂಟೆ. ಫೈರ್‌ವಾಲ್ ಅದಕ್ಕಿಂತ ಬಹಳ ಮೊದಲೇ ಮರೆಯುತ್ತದೆ. ಎರಡೂ ಕಡೆ 60 ಸೆಕೆಂಡಿಗೆ ಇಳಿಸಿದ ಮೇಲೆ ಆ ದೂರು ನಿಂತಿತು.

ಕುತೂಹಲಕ್ಕೆ ಇದೇ ಪ್ರಯೋಗವನ್ನು ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವ ಒಂದು ಅಪ್ಲಿಕೇಷನ್ನಿನ ಮೇಲೂ ಮಾಡಿದೆ. ಅಲ್ಲಿ ಪ್ರತಿ ಕನೆಕ್ಷನ್ ಥ್ರೆಡ್ (ಒಂದೇ ಪ್ರೊಸೆಸ್‌ನೊಳಗಿನ ಒಂದು ಎಳೆ) ಆದ್ದರಿಂದ ಮೆಮೊರಿಯ ಉಳಿತಾಯ ಅಷ್ಟು ಕಾಣಲಿಲ್ಲ. ಆದರೆ ಪ್ರವೇಶದ ತೊಂದರೆ ಬೇರೆ ರೀತಿಯದು: ಅಲ್ಲಿ ಖಾತೆ ಎಂದರೆ ಬಳಕೆದಾರನ ಹೆಸರು ಮತ್ತು ಹೋಸ್ಟ್ ಎರಡೂ ಸೇರಿ. ಪ್ರವೇಶ ನಿರಾಕರಣೆಯ 1045 ದೋಷದಲ್ಲಿ ಕಾಣುವ ಹೋಸ್ಟ್ ಎಂದರೆ ಸರ್ವರ್ ಕಣ್ಣಿಗೆ ನೀವು ಎಲ್ಲಿಂದ ಬಂದಿದ್ದೀರಿ ಎಂಬುದು. ಅದನ್ನು ಓದಿಕೊಂಡರೆ ಅರ್ಧ ತೊಂದರೆ ಅಲ್ಲೇ ಬಗೆಹರಿಯುತ್ತದೆ.

ಪೋಸ್ಟ್‌ಗ್ರೆಸ್‌ಗೆ ಮರಳಿದರೆ, ಅಪ್ಲಿಕೇಷನ್‌ಗೊಂದು ರೋಲ್ ಎಂಬ ನಿಯಮದಿಂದ ಹೊಸ ದೂರುಗಳೂ ಹುಟ್ಟಿದವು. ಹೊಸ ಟೇಬಲ್ ಬಂದಾಗಲೆಲ್ಲ ವರದಿ ಉಪಕರಣಕ್ಕೆ ‘ಪರ್ಮಿಷನ್ ಡಿನೈಡ್’ (ಅನುಮತಿಯಿಲ್ಲ). ಮುಂದೆ ಬರುವ ಟೇಬಲ್‌ಗಳಿಗೆ ಹಕ್ಕನ್ನು ಮೊದಲೇ ಕೊಡುವ ‘ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್’ ಹಾಕಿದ್ದರೂ ಬರುತ್ತಿತ್ತು, ಏಕೆಂದರೆ ಆ ಆದೇಶ ಅದನ್ನು ಕೊಟ್ಟ ರೋಲ್ ಮುಂದೆ ಸೃಷ್ಟಿಸುವ ಟೇಬಲ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಸ್ಕೀಮಾ ಬದಲಿಸುವ ರೋಲ್ ಬೇರೆಯಾದರೆ ‘ಫಾರ್ ರೋಲ್’ ಎಂದು ಅದರ ಹೆಸರನ್ನೇ ಹೇಳಬೇಕು. ಪೋಸ್ಟ್‌ಗ್ರೆಸ್ 15ಕ್ಕೆ ಏರಿದಾಗ ಹೊಸದಾಗಿ ಸೃಷ್ಟಿಸಿದ ಡೇಟಾಬೇಸ್‌ಗಳಲ್ಲಿ ಪಬ್ಲಿಕ್ ಸ್ಕೀಮಾದಲ್ಲಿ ಎಲ್ಲರೂ ಟೇಬಲ್ ಸೃಷ್ಟಿಸುವ ಹಕ್ಕೂ ಹೋಗಿದೆ. ಅದು ಒಳ್ಳೆಯದೇ ಆಯಿತು. ನಾವು ಪ್ರತಿ ಅಪ್ಲಿಕೇಷನ್‌ಗೂ ಅದರದೇ ಸ್ಕೀಮಾ ಕೊಟ್ಟೆವು.

ಈಗ ಸರ್ವರ್ ಮೊದಲಿನ ಚಿಕ್ಕ ಗಾತ್ರಕ್ಕೆ ಮರಳಿದೆ, ಪೋಸ್ಟ್‌ಗ್ರೆಸ್ಸಿನ ಕನೆಕ್ಷನ್ ಮಿತಿ ಮತ್ತೆ 100. ಪಿಜಿಬೌನ್ಸರ್ ಒಂದೇ ಥ್ರೆಡ್‌ನಲ್ಲಿ ಓಡುವುದರಿಂದ ದಟ್ಟಣೆಯಲ್ಲಿ ಅದರಿಂದ ಒಂದು ಕೋರ್‌ನ ಮುಕ್ಕಾಲು ಭಾಗ ತುಂಬುತ್ತಿತ್ತು. ಸೋ ರೀಯೂಸ್‌ಪೋರ್ಟ್ ಎಂಬ ಆಯ್ಕೆಯನ್ನು ಬಳಸಿ ಒಂದೇ ಪೋರ್ಟಿನಲ್ಲಿ ಎರಡು ಪ್ರೊಸೆಸ್ ಓಡಿಸಿದೆ, ಪ್ರತಿಯೊಂದರ ಮಿತಿಯನ್ನೂ ಒಟ್ಟು 25 ಮೀರದಂತೆ ಹಂಚಿದೆ. ಆಗ ಬಳಕೆದಾರರು ಕ್ವೆರಿ ರದ್ದುಮಾಡಿದರೆ ಆ ಕೋರಿಕೆ ಕೆಲವೊಮ್ಮೆ ಇನ್ನೊಂದು ಪ್ರೊಸೆಸ್‌ಗೆ ಹೋಗಿ ಕ್ವೆರಿ ಓಡುತ್ತಲೇ ಇರುತ್ತಿತ್ತು. ಎರಡನ್ನೂ ಪಿಜಿಬೌನ್ಸರ್ ಹೊಂದಿಕೆಯ ‘ಪಿಯರ್ಸ್’ ವಿಭಾಗದಲ್ಲಿ ಪರಸ್ಪರ ಪರಿಚಯಿಸಿದ ಮೇಲೆ ರದ್ದತಿಯೂ ಸರಿಯಾದ ಜಾಗಕ್ಕೇ ತಲುಪುತ್ತಿದೆ.