ಕಡ್ಮತ್ ದ್ವೀಪದಲ್ಲಿ ನಮ್ಮ ಸಂಸಾರ

ಭೂಪಟದ ಮೇಲೆ ಕಾಸರಗೋಡಿನಿಂದ ಲಕ್ಷದ್ವೀಪದ ಕಡ್ಮತ್ತಿಗೆ ನೇರವಾಗಿ ಗೆರೆ ಎಳೆದರೆ ಅದು 300 ಕಿಲೋಮೀಟರಿಗಿಂತ ಕಡಿಮೆಯೇ ಆಗುತ್ತದೆ. ಆದರೆ ನಾವು ಹೋಗಿಬರುವ ದಾರಿ ಅದಲ್ಲ. ರೈಲಿನಲ್ಲಿ ಸುಮಾರು 400 ಕಿಲೋಮೀಟರ್ ತೆಂಕಣಕ್ಕೆ ಹೋಗಿ ಕೊಚ್ಚಿಯನ್ನು ಸೇರಬೇಕು. ಅಲ್ಲಿ ವಿಲ್ಲಿಂಗ್ಡನ್ ದ್ವೀಪದ ಧಕ್ಕೆಯಲ್ಲಿ ಹಡಗು ಹತ್ತಿ, ಹೆಚ್ಚುಕಡಿಮೆ ಅಷ್ಟೇ ದೂರವನ್ನು ಸಮುದ್ರದ ಮೇಲೆ ಕ್ರಮಿಸಬೇಕು. ಊರಿನಲ್ಲಿ ನಮ್ಮನ್ನು ಕಾಣಲು ಬರುವವರು ಮೊದಲು ಕೇಳುವುದು ದ್ವೀಪದ ಚೆಲುವಿನ ಬಗ್ಗೆ. ನಾವಿಬ್ಬರೂ ಅಲ್ಲಿ ಬಹುಪಾಲು ಹೊತ್ತು ಯೋಚಿಸುವುದು ಮಾತ್ರ ನೀರು, ತರಕಾರಿ ಮತ್ತು ಹಡಗಿನ ಟಿಕೆಟ್ಟಿನ ಬಗ್ಗೆ.

ನನ್ನ ಹೆಂಡತಿ ದ್ವೀಪದ ಆಸ್ಪತ್ರೆಯಲ್ಲಿ ನರ್ಸ್. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಅಡಿಕೆ ತೋಟದ ಮನೆಯವನು. ಊರಿನ ಕೆಲವು ವ್ಯಾಪಾರಸ್ಥರ ಲೆಕ್ಕಪತ್ರ ಬರೆಯುವುದು ನನ್ನ ಉದ್ಯೋಗ. ಹೊರಗಿನವರು ಲಕ್ಷದ್ವೀಪಕ್ಕೆ ಹೋಗುವುದಕ್ಕೂ ಅಲ್ಲಿ ವಾಸಿಸುವುದಕ್ಕೂ 1967ರ ನಿಯಮಗಳ ಪ್ರಕಾರ ಪರವಾನಿಗೆ ಬೇಕು. ನಾನು ಅಲ್ಲಿರುವುದು ಅವಳ ನೌಕರಿಯ ಬಲದಿಂದ, ಆದುದರಿಂದ ಅಡಿಗೆಮನೆ, ದಾಸ್ತಾನು ಮತ್ತು ಕೈತೋಟಗಳ ಹೊಣೆ ನನ್ನದು. ಹೆಂಡತಿಯ ಹಿಂದೆ ಹೋದವನು ಎಂದು ಊರಿನಲ್ಲಿ ಹೇಳುವವರಿದ್ದಾರೆ, ಹೇಳಿಕೊಳ್ಳಲಿ.

ಕಡ್ಮತ್ ಸುಮಾರು 9 ಕಿಲೋಮೀಟರ್ ಉದ್ದದ, ಅಗಲವಾದ ಕಡೆಯಲ್ಲೂ ಅರ್ಧ ಕಿಲೋಮೀಟರಿಗಿಂತ ತುಸುವೇ ಮಿಕ್ಕಿದ ನೆಲ. ಹೊಳೆಯಿಲ್ಲ, ತೋಡಿಲ್ಲ, ಗುಡ್ಡವೆಂಬುದೇ ಇಲ್ಲ. ಬಾವಿಗಳೇನೋ ಇವೆ, ಆದರೆ ಅವು ಆಳವಾದವಲ್ಲ. ಮಳೆಯ ನೀರು ಹವಳದ ಮರಳಿನ ಮೂಲಕ ಇಳಿದು, ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ, ಮತ್ತು ಸಮುದ್ರದ ಉಬ್ಬರ ಇಳಿತಗಳೊಂದಿಗೆ ಬಾವಿಯ ಮಟ್ಟವೂ ಏರಿ ಇಳಿಯುತ್ತದೆ. ಪಂಪು ಹಾಕಿ ಒಮ್ಮೆಲೇ ಎಳೆದರೆ ಕೆಳಗಿನ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ. ಆಮೇಲೆ ಆ ಬಾವಿ ಸರಿಯಾಗಲು ಮುಂದಿನ ಮಳೆಗಾಲವನ್ನೇ ಕಾಯಬೇಕಾಗಬಹುದು. ನಮ್ಮೂರ ಸುತ್ತಿನ ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಮಾಡಿದ ಸುರಂಗದ ನೀರಿನಲ್ಲಿ ಬೆಳೆದ ನನಗೆ ಇದನ್ನು ಯಾರೂ ಹೆಚ್ಚು ವಿವರಿಸಬೇಕಾಗಲಿಲ್ಲ. ಸುರಂಗದಲ್ಲಿ ಒಸರಿ ಬಂದಷ್ಟೇ ನಮ್ಮದು. ಇಲ್ಲಿಯೂ ಕೊಡಪಾನದಲ್ಲಿ ಸೇದಿ ಬಳಸಿದಷ್ಟು ದಿನ ಬಾವಿ ಸಿಹಿಯಾಗಿರುತ್ತದೆ.

ಬಾವಿಯ ನೀರು ಗಡಸು. ಅದರಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಬೇಯಿಸಿದರೂ ಹಣ್ಣಾಗುವುದಿಲ್ಲ, ಚಹಾದ ಮೇಲೆ ಪೊರೆ ಕಟ್ಟುತ್ತದೆ. ಆರಂಭದಲ್ಲಿ ಬೇಳೆಗೂ ಚಹಾಕ್ಕೂ ಛಾವಣಿಯಿಂದ ಹಿಡಿದಿಟ್ಟ ಮಳೆನೀರನ್ನು ಅಳೆದು ಬಳಸುತ್ತಿದ್ದೆವು. 2024ರ ಜನವರಿಯಲ್ಲಿ ಕಡ್ಮತ್ತಿನ ಸಿಹಿನೀರಿನ ಸ್ಥಾವರವನ್ನು ಲೋಕಾರ್ಪಣೆ ಮಾಡಿದರು. ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಅದರ ಸಾಮರ್ಥ್ಯ. ಸಮುದ್ರದ ಮೇಲ್ಮೈಯ ಬೆಚ್ಚನೆಯ ನೀರನ್ನು ಗಾಳಿಯ ಒತ್ತಡ ತೀರಾ ಕಡಿಮೆಯಿರುವ ಕೋಣೆಗೆ ಬಿಟ್ಟು ಆವಿಯಾಗಿಸಿ, ಆ ಆವಿಯನ್ನು ಮುನ್ನೂರು ನಾನೂರು ಮೀಟರ್ ಆಳದಿಂದ ಎಳೆದ ತಣ್ಣೀರಿನಿಂದ ತಂಪಾಗಿಸಿ ಸಿಹಿನೀರು ಮಾಡುವ ಏರ್ಪಾಡು ಅದು. ಈಗ ನಮ್ಮ ಬೇಳೆ ಬೇಯುತ್ತದೆ.

ತರಕಾರಿಯ ವಿಷಯ ಇನ್ನೂ ವಿವರವಾಗಿ ಹೇಳಬೇಕಾದದ್ದು, ಏಕೆಂದರೆ ನಾವಿಬ್ಬರೂ ಮೀನು ತಿನ್ನುವವರಲ್ಲ, ದ್ವೀಪದವರ ಊಟವೋ ಸೂರೆ (ಟ್ಯೂನಾ) ಮೀನಿಲ್ಲದೆ ಸಾಗುವುದಿಲ್ಲ. ಅಕ್ಕಿ, ಬೇಳೆ, ಈರುಳ್ಳಿ, ಬಟಾಟೆ, ಗ್ಯಾಸ್ ಸಿಲಿಂಡರ್ ಎಲ್ಲವೂ ಕರೆಯಿಂದ, ಅಂದರೆ ಮುಖ್ಯಭೂಮಿಯಿಂದ, ಹಡಗಿನಲ್ಲೇ ಬರಬೇಕು. ಹಸಿ ತರಕಾರಿ ಬಂದ ದಿನ ಅಂಗಡಿಯಲ್ಲಿ ಇರುತ್ತದೆ, ಮರುದಿನಕ್ಕೆ ಉಳಿಯುವ ಭರವಸೆಯಿಲ್ಲ. ಆದ್ದರಿಂದ ನಾನು ಊರಿನಿಂದ ಒಯ್ಯುವುದು ಬಾಳಿಕೆ ಬರುವ ಸಾಮಾನುಗಳನ್ನು ಮಾತ್ರ: ಹುಳಿಗೆ ಹಾಕುವ ಮಂಗಳೂರು ಸೌತೆಕಾಯಿ, ಕುಂಬಳಕಾಯಿ, ಸುವರ್ಣಗೆಡ್ಡೆ, ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ), ಮಾವಿನ ಮಿಡಿ, ಹಲಸಿನ ಹಪ್ಪಳ, ಪುನರ್ಪುಳಿ (ಕೋಕಂ) ಸಿಪ್ಪೆ. ಸೌತೆಕಾಯಿಗಳನ್ನು ನಮ್ಮ ಮನೆಯಲ್ಲಿ ಬಾಳೆನಾರಿನಿಂದ ಕಟ್ಟಿ ಅಡಿಗೆಕೋಣೆಯ ಮಾಡಿನ ಪಕ್ಕಾಸಿಗೆ (ಮರದ ತೊಲೆಗೆ) ನೇತು ಹಾಕುತ್ತಿದ್ದರು. ಕ್ವಾರ್ಟರ್ಸಿನ ಕಾಂಕ್ರೀಟ್ ಮಾಡಿಗೆ ಪಕ್ಕಾಸು ಎಲ್ಲಿಂದ ಬರಬೇಕು? ಜಗಲಿಯ ಎರಡು ಕಂಬಗಳ ನಡುವೆ ದ್ವೀಪದ ಹೆಂಗಸರು ಹೊಸೆದ ತೆಂಗಿನ ನಾರಿನ ಹಗ್ಗ ಕಟ್ಟಿ, ಪ್ರತಿಯೊಂದು ಕಾಯಿಯ ನಡುವಿಗೂ ಕುಣಿಕೆ ಹಾಕಿ, ಒಂದಕ್ಕೊಂದು ತಾಗದಂತೆ ತೂಗಬಿಟ್ಟಿದ್ದೇನೆ. ದಿನವೂ ತೊಟ್ಟಿನ ಬುಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಮೆತ್ತಗಾದದ್ದು ಅಂದಿನ ಹುಳಿಗೆ. ಹೀಗೆ ಇಟ್ಟರೆ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಉಪ್ಪುಸೊಳೆಯ ಉಪ್ಪು ಬಿಡಿಸಲು ಎರಡು ಮೂರು ಬಾರಿ ನೀರು ಬದಲಿಸಬೇಕಾಗುತ್ತದೆ, ಆದರೆ ಆ ಕೆಲಸಕ್ಕೆ ಬಾವಿಯ ನೀರೇ ಧಾರಾಳ ಸಾಕು.

ಉಳಿದದ್ದನ್ನು ದ್ವೀಪ ಕೊಡುತ್ತದೆ. ನುಗ್ಗೆ, ಪಪ್ಪಾಯಿ, ಬಾಳೆ ಮತ್ತು ಜೀಗುಜ್ಜೆ (ಬ್ರೆಡ್‌ಫ್ರೂಟ್) ಅಲ್ಲಿ ಚೆನ್ನಾಗಿ ಬರುತ್ತವೆ. ನಾವು ಮೀನು ಮುಟ್ಟುವುದಿಲ್ಲವೆಂದು ತಿಳಿದ ಮೇಲೆ ಪಕ್ಕದ ಮನೆಯ ಉಮ್ಮ ‘ಮೋನೇ’ (ಮಗನೇ) ಎಂದು ಕರೆದು ಬೇಲಿಯ ಮೇಲಿಂದ ಜೀಗುಜ್ಜೆ ಕೊಡುತ್ತಾರೆ; ನಾನು ಅದರ ಪೋಡಿ (ಬಜ್ಜಿ) ಮಾಡಿ ಅರ್ಧವನ್ನು ಅವರ ಮನೆಗೆ ಕಳುಹಿಸುತ್ತೇನೆ. ಅವರ ಜಸರಿ ಮಾತು ಮಲಯಾಳದ್ದೇ ಒಂದು ಬಗೆಯಾದ್ದರಿಂದ ಕಾಸರಗೋಡಿನವನಿಗೆ ಹೆಚ್ಚು ದಿನ ಕಷ್ಟವಾಗುವುದಿಲ್ಲ. ಆ ಮನೆಯ ಹಿರಿಯರಿಗೆ ಮಂಗಳೂರೆಂದರೆ ಹೊಸದಲ್ಲ: ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಅಲ್ಲಿನ ಓಡಗಳು (ಹಾಯಿದೋಣಿಗಳು) ತೆಂಗಿನ ನಾರು ಹೊತ್ತು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ನಮ್ಮ ಕಾಸರಗೋಡು ತಾಲೂಕೂ ಅದೇ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ಅದೇ ದಿನ ದ್ವೀಪಗಳು ಕೇಂದ್ರಾಡಳಿತಕ್ಕೆ ಸೇರಿದವು. ಒಂದೇ ಕಲೆಕ್ಟರ ಕಚೇರಿಯ ಕೆಳಗಿದ್ದ ಎರಡು ಊರುಗಳ ನಡುವೆ ಈಗ ಇಷ್ಟು ಸುತ್ತು ಎಂಬುದು ಪ್ರತಿ ಪ್ರಯಾಣದಲ್ಲೂ ನೆನಪಾಗುತ್ತದೆ.

ನನ್ನ ಉದ್ಯೋಗ ಅಲ್ಲಿಂದಲೇ ನಡೆಯುವಂತಾದದ್ದು ಕೊಚ್ಚಿಯಿಂದ ಸಮುದ್ರದಡಿಯಲ್ಲಿ ಎಳೆದ ಕೇಬಲಿನಿಂದ. ಅದರ ಉದ್ಘಾಟನೆಯೂ 2024ರ ಜನವರಿಯಲ್ಲಿಯೇ ಆಯಿತು. ಅದಕ್ಕೆ ಮುಂಚೆ ಎಲ್ಲವೂ ಉಪಗ್ರಹದ ಮೂಲಕ ಹೋಗಬೇಕಾಗಿತ್ತು, ಮತ್ತು ತಿಂಗಳ ಕೊನೆಯ ಲೆಕ್ಕವನ್ನು ಜನ ಮಲಗಿದ ಮೇಲೆ ಕಳುಹಿಸುವುದು ನನ್ನ ರೂಢಿಯಾಗಿತ್ತು.

ಊರಿಗೆ ಬರುವ ದಿನವನ್ನು ನಾವು ಹಬ್ಬ ನೋಡಿ ನಿಶ್ಚಯಿಸುವುದಿಲ್ಲ. ಮೊದಲು ಹಡಗಿನ ವೇಳಾಪಟ್ಟಿ, ಆಮೇಲೆ ಹೆಂಡತಿಯ ರಜೆ, ಕೊನೆಗೆ ಪಂಚಾಂಗ. ಹೀಗಾಗಿ ಒಂದು ವರ್ಷ ಬಿಸುವಿನ (ಸೌರ ಯುಗಾದಿಯ) ಕಣಿ ನೋಡಲು ಸಿಕ್ಕಿದರೆ ಇನ್ನೊಂದು ವರ್ಷ ದೀಪಾವಳಿಯ ಎಣ್ಣೆಸ್ನಾನ ತಪ್ಪುತ್ತದೆ. ಇದೆಲ್ಲ ಸಹಿಸಬಹುದಾದದ್ದು. ಸಹಿಸಲು ಕಷ್ಟವಾದದ್ದು ಸಾವಿನ ಸುದ್ದಿ. ಚಿಕ್ಕಮ್ಮ ತೀರಿಕೊಂಡಾಗ ಫೋನು ಬಂದ ದಿನ ಹಡಗಿರಲಿಲ್ಲ. ತುರ್ತು ರೋಗಿಗಳನ್ನು ಸಾಗಿಸಲು ಹೆಲಿಕಾಪ್ಟರ್ ಉಂಟು, ಶೋಕದಲ್ಲಿರುವವರಿಗೆ ಅದು ಸಿಗುವಂಥದ್ದಲ್ಲ. ನಾನು ತಲುಪಿದ್ದು ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ. ಅಂದಿನಿಂದ ಅಪ್ಪನಿಗೂ ಅತ್ತೆಮಾವಂದಿರಿಗೂ ಸ್ಪಷ್ಟವಾಗಿ ಹೇಳಿಟ್ಟಿದ್ದೇವೆ, ನಮಗಾಗಿ ಯಾವುದನ್ನೂ ಕಾಯಿಸಬೇಡಿ ಎಂದು. ಅಪ್ಪ ಏನೂ ಉತ್ತರಿಸಲಿಲ್ಲ, ಆದರೆ ತೋಟದ ಕೆಲಸದವರ ಹೆಸರುಗಳನ್ನೂ ಬ್ಯಾಂಕಿನ ಕಾಗದಗಳನ್ನೂ ಒಂದು ಕಡತದಲ್ಲಿ ಕಟ್ಟಿ ತಮ್ಮನ ಕೈಗೆ ಕೊಟ್ಟರಂತೆ.

ಊರಿಗೆ ಬಂದವರಿಗೆ ಅಂಗಳದಲ್ಲೇ ಎದುರಾಗುವ ಪ್ರಶ್ನೆ, ‘ಏವಗ ಬಂದದು, ವಾಪಾಸು ಏವಗ?’ (ಯಾವಾಗ ಬಂದದ್ದು, ವಾಪಸು ಯಾವಾಗ?) ಎಂಬುದು. ಎರಡನೆಯದಕ್ಕೆ ಉತ್ತರ ಹೇಳುವುದು ಬೇಸಗೆಯಲ್ಲಿ ಸುಲಭ. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮಂಜಿಗಳ (ಸರಕು ಸಾಗಿಸುವ ಮರದ ನಾವೆಗಳ) ಓಡಾಟ ನಿಲ್ಲುತ್ತದೆ, ಹಡಗುಗಳೂ ಕಡಿಮೆಯಾಗುತ್ತವೆ. ಹಡಗು ಬಂದರೂ ಅದು ಹವಳದ ದಿಬ್ಬದ ಹೊರಗೆ ನಿಂತಾಗ ಪ್ರಯಾಣಿಕರು ಅಲೆಯಲ್ಲಿ ಏರಿಳಿಯುವ ಬೋಟಿಗೆ ಕಾಲಿಡಬೇಕು; ಬೋಟು ಮೇಲೆದ್ದ ಕ್ಷಣದಲ್ಲಿ ಇಬ್ಬರು ಖಲಾಸಿಗಳು ತೋಳು ಹಿಡಿದು ಎಳೆದುಕೊಳ್ಳುತ್ತಾರೆ, ಆಗ ಕೈಯಲ್ಲಿ ಚೀಲವಿರಬಾರದು. ಸಾಮಾನನ್ನು ಮೊದಲೇ ಹಗ್ಗದಲ್ಲಿ ಇಳಿಸಲು ಕೊಡುವುದು ಉತ್ತಮ, ಮತ್ತು ಉಪ್ಪಿನಕಾಯಿಯ ಭರಣಿಯನ್ನು ಬಟ್ಟೆಯ ನಡುವೆ ಸುತ್ತಿರಬೇಕು. ಮಳೆಗಾಲದಲ್ಲಿ ಊರಿಗೆ ಬರಲೇಬೇಕಾದ ನೌಕರರು ಹಿಂದಿರುಗುವ ದಿನದ ಮೇಲೆ ಒಂದು ವಾರದ ರಜೆಯನ್ನಾದರೂ ಕೈಯಲ್ಲಿ ಉಳಿಸಿಕೊಂಡಿರಬೇಕು, ಕೊಚ್ಚಿಯಲ್ಲಿ ತಂಗಲು ಪರಿಚಯದವರ ಮನೆಯೊಂದನ್ನೂ ಗೊತ್ತುಮಾಡಿಟ್ಟುಕೊಳ್ಳಬೇಕು.