ಮಲ್ಲಯ್ಯನ ದಾರಿಯಲ್ಲಿ ಸೈಕಲ್ ತುಳಿದ ಅನುಭವ

ಯುಗಾದಿಗೆ ಎರಡು ಮೂರು ವಾರ ಇರುವಾಗಲೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಿಂದ ಶ್ರೀಶೈಲದ ಕಡೆಗೆ ಪಾದಯಾತ್ರಿಗಳು ಹೊರಡುತ್ತಾರೆ. ಮುಂದೆ ಮಲ್ಲಯ್ಯನ, ಎಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಕಂಬಿ, ಹಿಂದೆ ಊರಿನ ಜನ. ಕೆಲವರ ಕಾಲಿಗೆ ಚಪ್ಪಲಿ ಇರುವುದಿಲ್ಲ, ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಅಷ್ಟು ದಿನಗಳ ರಜೆ ನನ್ನ ನೌಕರಿಯಲ್ಲಿ ಸಿಗುವಂತಿರಲಿಲ್ಲ. ದೂರದ ಸೈಕಲ್ ಸವಾರಿಯ ರೂಢಿ ಮೊದಲಿನಿಂದಲೂ ಇದ್ದುದರಿಂದ, ಬಾಗಲಕೋಟೆಯಿಂದ ಇಳಕಲ್ಲು, ಮುದಗಲ್ಲು, ಲಿಂಗಸುಗೂರು, ರಾಯಚೂರು, ಮಂತ್ರಾಲಯ, ಕರ್ನೂಲು, ಆತ್ಮಕೂರುಗಳ ಮೇಲೆ ಶ್ರೀಶೈಲ ಸೇರುವ ಸುಮಾರು 500 ಕಿ.ಮೀ. ದಾರಿಯನ್ನು ಸೈಕಲ್ಲಿನಲ್ಲೇ ಕ್ರಮಿಸುವುದೆಂದು ನಿಶ್ಚಯಿಸಿದೆ.

ಆ ದಿನಗಳಲ್ಲಿ ನನಗಿದ್ದದ್ದು ದೇವರ ಮೇಲಿನ ಭಕ್ತಿಗಿಂತ ಆ ದಾರಿಯ ಮೇಲಿನ ಕುತೂಹಲವೇ. ಆದರೆ ನಾನು ಹೊರಡುವ ಸುದ್ದಿ ತಿಳಿದ ಕೂಡಲೇ ನಮ್ಮ ಅವ್ವ ಒಂದು ಇಳಕಲ್ಲ ಸೀರೆ, ಖಣ, ಹಸಿರು ಬಳೆ, ಅರಿಷಿಣ ಕುಂಕುಮ, ಉತ್ತತ್ತಿ, ಕೊಬ್ಬರಿ ಬಟ್ಟಲು ಎಲ್ಲವನ್ನೂ ಅರಿವೆಯಲ್ಲಿ ಕಟ್ಟಿ ಕೊಟ್ಟಳು. ಮಲ್ಲಯ್ಯನ ಮಡದಿಯಾದ ಶ್ರೀಶೈಲದ ಭ್ರಮರಾಂಬೆಯನ್ನು ನಮ್ಮ ಕಡೆಯ ಜನ ಮನೆಯ ಮಗಳೆಂದೇ ಭಾವಿಸುತ್ತಾರೆ. ತವರಿನವರು ಹಬ್ಬಕ್ಕೆ ಬರಿಗೈಯಲ್ಲಿ ಹೋಗುವುದುಂಟೆ? ಆ ಗಂಟನ್ನು ಕಂಡು ಓಣಿಯವರೂ ಬಂದರು. ಒಬ್ಬರು ಕಾಯಿಗೆಂದು ಹಣ ಕೊಟ್ಟರು, ಇನ್ನೊಬ್ಬರು ಮಗಳ ಹೆಸರು ಬರೆದ ಚೀಟಿ ಕೊಟ್ಟರು. ದೂರದ ಸವಾರಿಗೆ ಹೊರಡುವವನು ಒಂದೊಂದು ಗ್ರಾಂ ತೂಕವನ್ನೂ ಲೆಕ್ಕ ಹಾಕುತ್ತಾನೆ. ನಾನು ಒಂದು ಜೊತೆ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಆ ಗಂಟಿಗೆ ಹಿಂದಿನ ಕ್ಯಾರಿಯರ್ ಚೀಲದಲ್ಲಿ ಜಾಗ ಮಾಡಿದೆ.

ಮಾರ್ಚ್ ತಿಂಗಳ ರಾಯಚೂರು ಸೀಮೆಯ ಬಿಸಿಲು ಸಾಮಾನ್ಯವಾದುದಲ್ಲ. ಆದ್ದರಿಂದ ನಸುಕಿನಲ್ಲೇ ಎದ್ದು, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಹಚ್ಚಿಕೊಂಡು ಹೊರಡುವುದು, ಹತ್ತೂವರೆಯ ಹೊತ್ತಿಗೆ ಎಲ್ಲಾದರೂ ನೆರಳು ಹಿಡಿಯುವುದು, ಬಿಸಿಲು ಇಳಿದ ಮೇಲೆ ಮತ್ತೆ ಎರಡು ಮೂರು ತಾಸು ತುಳಿಯುವುದು ಎಂಬ ಕ್ರಮವನ್ನು ಇಟ್ಟುಕೊಂಡೆ. ಬರಿಯ ನೀರು ಕುಡಿದರೆ ಸಾಲದು, ಬೆವರಿನೊಂದಿಗೆ ಹೋದ ಉಪ್ಪೂ ಮರಳಿ ದೇಹಕ್ಕೆ ಸೇರಬೇಕು. ಅದಕ್ಕೆಂದು ಓಆರ್‌ಎಸ್ ಪೊಟ್ಟಣಗಳನ್ನು ಒಯ್ದಿದ್ದೆ. ಅವು ಹೆಚ್ಚು ಬೇಕಾಗಲಿಲ್ಲ, ಏಕೆಂದರೆ ಆ ದಾರಿಯುದ್ದಕ್ಕೂ ಉಪ್ಪು ಹಾಕಿದ ಮಜ್ಜಿಗೆಯ ಕೊಡಗಳಿದ್ದವು.

ಈ ದಾಸೋಹವನ್ನು ಕುರಿತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಳ್ಳಿ ಬಂದಲ್ಲೆಲ್ಲ ರಸ್ತೆಯ ಬದಿಗೆ ಒಂದು ಚಪ್ಪರ. ಒಂದೆಡೆ ಅಂಬಲಿ, ಇನ್ನೊಂದೆಡೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಕಲ್ಲಂಗಡಿ ಹೋಳುಗಳ ರಾಶಿ. ಕಾಯಿಸಿದ ನೀರಿನ ಹಂಡೆಯ ಪಕ್ಕದಲ್ಲಿ ಎಣ್ಣೆಯ ಬಟ್ಟಲು ಹಿಡಿದು ಕುಳಿತ ಯುವಕರು, ಬಂದವರ ಜಾತಿ ಊರು ಯಾವುದನ್ನೂ ಕೇಳದೆ, ಬೊಕ್ಕೆ ಎದ್ದ ಕಾಲುಗಳನ್ನು ತೊಳೆದು ತಿಕ್ಕುತ್ತಿದ್ದರು. ನನ್ನ ಕಾಲಿಗೆ ಅಂಥ ಗಾಯವೇನೂ ಇರಲಿಲ್ಲ. ನಡೆದು ಬಂದವರಿಗಾಗಿ ಇಟ್ಟುದನ್ನು ಸೈಕಲ್ಲಿನಲ್ಲಿ ಬಂದ ನಾನು ತಿನ್ನುವುದು ಸರಿಯಲ್ಲವೆನಿಸಿ ಮೊದಲ ದಿನ ದೂರದಿಂದಲೇ ಕೈಮುಗಿದು ಮುಂದೆ ಸಾಗಿದೆ. ಎರಡನೆಯ ದಿನ ಲಿಂಗಸುಗೂರು ದಾಟಿದ ಮೇಲೆ ಒಬ್ಬ ಅಜ್ಜಿ ರಸ್ತೆಗೇ ಅಡ್ಡ ಬಂದು ಹ್ಯಾಂಡಲ್ ಹಿಡಿದಳು. "ನಡದ ಬಂದಿ ಏನ, ತುಳಕೋಂತ ಬಂದಿ ಏನ, ಅಂವನ ಕಡೇನ ಹೊಂಟಿ ಅಲ್ಲೇನ ತಮ್ಮಾ? ನೀ ಉಣಲಿಲ್ಲಂದ್ರ ನಾ ಯಾರಿಗೆ ನೀಡಲಿ?" ಎಂದಳು. ಕೊಡುವವರಿಗೆ ಉಣ್ಣುವವನು ಬೇಕು, ಉಣ್ಣದೆ ಹೋಗುವವನು ಅವರ ಸೇವೆಯನ್ನು ತಡೆದಂತೆ ಎಂಬುದು ನನಗೆ ಆಗ ಹೊಳೆಯಿತು. ಅಲ್ಲಿಂದ ಮುಂದೆ ಯಾವ ಚಪ್ಪರವನ್ನೂ ನಾನು ದಾಟಿ ಹೋಗಲಿಲ್ಲ. ದಿನದ ಗುರಿಯ ಕಿಲೋಮೀಟರುಗಳು ಕಡಿಮೆಯಾದುವು, ಅದಕ್ಕಾಗಿ ಬೇಸರವೂ ಆಗಲಿಲ್ಲ. ಹೊರಡುವಾಗ ಆ ಅಜ್ಜಿ ಸೆರಗಿನ ಗಂಟು ಬಿಚ್ಚಿ, ತನ್ನ ಮೊಮ್ಮಗನ ಹೆಸರು ಹೇಳಿ, ಒಂದು ಕಾಯಿ ಒಡೆಸು ಎಂದು ಹಣ ಕೊಟ್ಟಳು. ಆ ಹುಡುಗನಿಗೆ ಮಾತು ಬಂದಿರಲಿಲ್ಲ.

ಅದಕ್ಕೂ ಮೊದಲು ಮುದಗಲ್ಲಿನಲ್ಲಿ ಜಾಲಿಮುಳ್ಳು ಚುಚ್ಚಿ ಹಿಂದಿನ ಚಕ್ರದ ಗಾಳಿ ಇಳಿದಿತ್ತು. ಬಳ್ಳಾರಿ ಜಾಲಿಯ ಮುಳ್ಳು ದಪ್ಪ ಟೈರನ್ನೂ ಬಿಡುವುದಿಲ್ಲ. ಈ ಸೀಮೆಗೆ ಬರುವವರು ಕನಿಷ್ಠ ಎರಡು ಟ್ಯೂಬುಗಳನ್ನು ತರಬೇಕು, ಟೈರಿನ ಒಳಮೈಯನ್ನು ಬೆರಳಾಡಿಸಿ ನೋಡದೆ ಹೊಸ ಟ್ಯೂಬ್ ಹಾಕಬಾರದು. ನಾನು ರಸ್ತೆಯ ಬದಿಯಲ್ಲಿ ಚಕ್ರ ಬಿಚ್ಚುತ್ತಿದ್ದುದನ್ನು ಕಂಡು ಪಂಕ್ಚರ್ ಅಂಗಡಿಯ ಮುಸ್ಲಿಂ ಹಿರಿಯರೊಬ್ಬರು ತಾವೇ ಬಂದು ಮುಳ್ಳಿನ ತುದಿಯನ್ನು ಇಕ್ಕಳದಿಂದ ಕಿತ್ತು ತೆಗೆದರು. ಹಣ ಮುಟ್ಟಲಿಲ್ಲ. ಮೊಹರಮ್ಮಿಗೆ ಹಿಂದೂ ಮುಸ್ಲಿಮರೆನ್ನದೆ ಸುತ್ತಲಿನ ಜನರೆಲ್ಲ ನೆರೆಯುವ ಊರು ಮುದಗಲ್ಲು. ಮಲ್ಲಯ್ಯನ ದಾರಿಯ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲವೆಂಬ ಅವರ ಮಾತಿನಲ್ಲಿ ಯಾವ ವಿಶೇಷವೂ ಅವರಿಗೆ ಕಾಣುತ್ತಿರಲಿಲ್ಲ.

ಮಂತ್ರಾಲಯದಲ್ಲಿ ತುಂಗಭದ್ರೆಯನ್ನು ದಾಟಿದ ಮೇಲೆ ಭಾಷೆ ತೆಲುಗಾಯಿತು. ಮಜ್ಜಿಗೆಯ ಕೊಡ, ನೆರಳು, ಕರೆಯುವ ದನಿ ಬದಲಾಗಲಿಲ್ಲ. ಆತ್ಮಕೂರಿನ ಆಚೆಗೆ ನಲ್ಲಮಲ ಕಾಡು. ಪಾದಯಾತ್ರಿಗಳು ವೆಂಕಟಾಪುರದ ಕಡೆಯಿಂದ ಕಾಡಿನ ಕಾಲುದಾರಿ ಹಿಡಿದು ಭೀಮನಕೊಳ್ಳ, ಕೈಲಾಸದ್ವಾರಗಳನ್ನು ಹತ್ತಿ ಹೋಗುತ್ತಾರೆ. ಸೈಕಲ್ಲಿಗೆ ಅದು ದಾರಿಯಲ್ಲ; ದೋರ್ನಾಲದ ಮೇಲೆ ಸುತ್ತಿ ಘಟ್ಟ ಏರಬೇಕು. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ರಾತ್ರಿ ಈ ರಸ್ತೆಯಲ್ಲಿ ಸಂಚಾರಕ್ಕೆ ನಿರ್ಬಂಧವಿದೆ, ಆದ್ದರಿಂದ ದೋರ್ನಾಲದಲ್ಲಿ ತಂಗಿ ಬೆಳಕು ಹರಿದ ಮೇಲೆ ಹೊರಟೆ. ಅಲ್ಲಿಂದ ಶ್ರೀಶೈಲಕ್ಕೆ ಸುಮಾರು 50 ಕಿ.ಮೀ. ಸಣ್ಣ ಗೇರಿಗೆ ಇಳಿಸಿ, ಉಸಿರಿನ ಲಯ ಕೆಡದಂತೆ ನಿಧಾನವಾಗಿ ತುಳಿದರೆ ಆ ಘಟ್ಟ ಹತ್ತಬಹುದು. ಈ ಕಾಡಿನ ಚೆಂಚು ಜನರಿಗೆ ಮಲ್ಲಯ್ಯ ತಮ್ಮ ಕುಲದ ಹೆಣ್ಣನ್ನು ಮದುವೆಯಾದ ಅಳಿಯ. ನಮಗೆ ಅಮ್ಮನವರು ಮಗಳು, ಅವರಿಗೆ ಸ್ವಾಮಿ ಅಳಿಯ. ಹೀಗೆ ದೇವರ ಮೂಲಕ ನಾವೂ ಅವರೂ ನೆಂಟರಾಗುತ್ತೇವೆಂಬ ವಿಚಾರ ಏರುದಾರಿಯಲ್ಲಿ ನನಗೆ ಬಹಳ ಹಿತವೆನಿಸಿತು.

ಶಿಖರೇಶ್ವರದಲ್ಲಿ ನಂದಿಯ ಮುಂದೆ ಎಳ್ಳು ಹಾಕಿ, ಕೋಡುಗಳ ನಡುವಿನಿಂದ ದೂರದ ಗುಡಿಯ ಶಿಖರವನ್ನು ನೋಡುವ ಪದ್ಧತಿಯಿದೆ. ನಾನೂ ನೋಡಿದೆ. ಮುಂದೆ ಸಾಕ್ಷಿ ಗಣಪತಿ, ಯಾತ್ರಿಕರು ಬಂದುದನ್ನು ಬರೆದುಕೊಳ್ಳುವವನು. ಅವನ ಎದುರು ಕಿಸೆಯಲ್ಲಿದ್ದ ಚೀಟಿಗಳನ್ನು ತೆಗೆದು ಅದರಲ್ಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಗಟ್ಟಿಯಾಗಿ ಓದಿದೆ. ನನಗಾಗಿ ಏನನ್ನಾದರೂ ಬೇಡಿಕೊಳ್ಳುವುದು ಅಂದಿನವರೆಗೆ ನನ್ನಿಂದ ಸಾಧ್ಯವಾಗಿರಲಿಲ್ಲ. ಮಾತು ಬಾರದ ಒಂದು ಮಗುವಿಗಾಗಿ ಬೇಡುವಾಗ ಯಾವ ಸಂಕೋಚವೂ ಅಡ್ಡಬರಲಿಲ್ಲ. ನನಗೆ ನಂಬಿಕೆ ಬಂದದ್ದು ಹೀಗೆ, ಪರರ ಹರಕೆಗಳನ್ನು ಹೊತ್ತು ಬಂದುದರಿಂದ.

ಅಮ್ಮನವರಿಗೆ ಉಡಿ ತುಂಬಿಸಿ, ಕೊಟ್ಟವರ ಹೆಸರಿನಲ್ಲಿ ಕಾಯಿ ಒಡೆಸಿದೆ. ಹಿಂದಿರುಗುವಾಗ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ರಾಯಚೂರಿನಲ್ಲಿ ಇಳಿದೆ, ಅಲ್ಲಿಂದ ಲಿಂಗಸುಗೂರಿನ ದಾರಿ ಹಿಡಿದು ತುಳಿದೆ. ಚಪ್ಪರ ಬಿಚ್ಚಿದ್ದರು. ಅಜ್ಜಿಯ ಮನೆಯನ್ನು ವಿಚಾರಿಸಿಕೊಂಡು ಹೋಗಿ ಪ್ರಸಾದ ಕೊಟ್ಟೆ, ಮತ್ತೆ ಉಣ್ಣಲು ಕೂರಿಸಿದಳು. ವಾಕ್ ಚಿಕಿತ್ಸೆಯ ವಿಚಾರವನ್ನು ಅವಳ ಮಗನೊಂದಿಗೆ ಮಾತನಾಡಿ, ಮಗುವಿನ ಕಿವಿಯ ಪರೀಕ್ಷೆಯನ್ನೂ ಮೊದಲು ಮಾಡಿಸಬೇಕೆಂದು ತಿಳಿಸಿ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ವಿಳಾಸ ಬರೆದುಕೊಟ್ಟೆ. ಮುಂದಿನ ಯುಗಾದಿಗೆ ಅದೇ ಚಪ್ಪರದಲ್ಲಿ ಮಜ್ಜಿಗೆ ಕೊಡಲು ಒಂದು ದಿನ ನಿಲ್ಲುವೆನೆಂದು ಅವರಿಗೆ ಮಾತು ಕೊಟ್ಟು ಬಂದಿದ್ದೇನೆ.