ಮಿತಿ ಮೀರಿದ ಚುನಾವಣಾ ಖರ್ಚನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಹೇಗೆ

ಮುಂಬೈನಲ್ಲಿ ನಮ್ಮವರ ಹೋಟೆಲುಗಳಲ್ಲಿ ಫಲಿತಾಂಶ ಬಂದ ಮಾರನೇ ದಿನ ಒಂದೇ ಮಾತು: 'ಕೋಟಿಗಟ್ಟಲೆ ಸುರಿದ, ಗೆದ್ದ.' ಇರಬಹುದು. ಆದರೆ ಕೋರ್ಟು ಕೇಳುವುದು ಎರಡೇ. ಖರ್ಚು ಮಿತಿ ದಾಟಿತೇ? ಅದನ್ನು ಮಾಡಿದ್ದು ಅಥವಾ ಅದಕ್ಕೆ ಒಪ್ಪಿಗೆ ಕೊಟ್ಟಿದ್ದು ಅಭ್ಯರ್ಥಿಯೇ ಅಥವಾ ಅವರ ಚುನಾವಣಾ ಏಜೆಂಟೇ?

ಮೊದಲು ಕ್ಯಾಲೆಂಡರ್ ನೋಡಿ. ಆ ಕ್ಷೇತ್ರದ ಮತದಾರ ಯಾರು ಬೇಕಾದರೂ 2,000 ರೂಪಾಯಿ ಠೇವಣಿ ಕಟ್ಟಿ ಗೆಲುವನ್ನು ಪ್ರಶ್ನಿಸಿ ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕಬಹುದು, ಆದರೆ ಫಲಿತಾಂಶದ ದಿನದಿಂದ 45 ದಿನದೊಳಗೆ. ತಡವಾದರೆ ಮುಗೀತು, ವಿನಾಯಿತಿ ಇಲ್ಲ. ಗೆದ್ದವರಿಗೆ ಖರ್ಚಿನ ಲೆಕ್ಕ ಕೊಡಲು ಅದೇ ದಿನದಿಂದ 30 ದಿನ ಇರುತ್ತದೆ. ಕೊನೇ ದಿನ ಕೊಟ್ಟರೆ ನಿಮಗೆ ಉಳಿಯುವುದು ಹದಿನೈದೇ ದಿನ. ಲೆಕ್ಕ ಸಲ್ಲಿಕೆಯಾದ ತಕ್ಷಣ ಜಿಲ್ಲಾ ಚುನಾವಣಾಧಿಕಾರಿ ಕಚೇರಿಗೆ ಹೋಗಿ. ಒಂದು ರೂಪಾಯಿ ಶುಲ್ಕಕ್ಕೆ ನೋಡಬಹುದು, ದೃಢೀಕೃತ ಪ್ರತಿಯನ್ನೂ ಪಡೆಯಬಹುದು.

ಈಗ ಊಟದ ಬಿಲ್ ಒಂದನ್ನೇ ಹಿಡಿಯಿರಿ. ಲೆಕ್ಕದಲ್ಲಿ ದಿನಕ್ಕೆ 50 ಪ್ಲೇಟ್, ಕೇಟರಿಂಗ್‌ನವರ ಪುಸ್ತಕದಲ್ಲಿ 400 ಅಂತಿದೆ ಅಂದುಕೊಳ್ಳಿ. ಸಿಕ್ಕಿಬಿದ್ದ ಅಂತ ಕುಣಿಯಬೇಡಿ! ಲೆಕ್ಕ ಸುಳ್ಳು ಅಂತ ಮಾತ್ರ ಆಯಿತು. ಸುಳ್ಳು ಲೆಕ್ಕವೊಂದೇ 'ಭ್ರಷ್ಟ ಆಚರಣೆ' (ಗೆಲುವನ್ನೇ ರದ್ದು ಮಾಡಬಲ್ಲ ತಪ್ಪು) ಆಗುವುದಿಲ್ಲ, ಮಿತಿ ಮೀರಿರಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ನಮ್ಮ ಕರ್ನಾಟಕದ್ದೇ ಎಲ್.ಆರ್. ಶಿವರಾಮೇಗೌಡ ಪ್ರಕರಣದಲ್ಲಿ ಹೇಳಿದೆ. ಸುಳ್ಳು ಲೆಕ್ಕಕ್ಕೆ ಚುನಾವಣಾ ಆಯೋಗದ ದಾರಿ ಬೇರೆಯೇ ಇದೆ. ಮಹಾರಾಷ್ಟ್ರದಲ್ಲಿ 2022ರಿಂದ ವಿಧಾನಸಭೆಗೆ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಹಾಗಾಗಿ ಬಿಟ್ಟುಹೋದ ಊಟ, ಪೆಂಡಾಲು, ಗಾಡಿ ಎಲ್ಲವನ್ನೂ ಕೂಡಿಸಿ ಆ ಗೆರೆ ದಾಟಿಸಲೇಬೇಕು. ಪಕ್ಷದ ಸ್ಟಾರ್ ಪ್ರಚಾರಕರ ಪ್ರಯಾಣದ ಖರ್ಚು ಇದರಲ್ಲಿ ಸೇರುವುದಿಲ್ಲ, ನಾಮಪತ್ರಕ್ಕಿಂತ ಮುಂಚಿನ ಖರ್ಚೂ ಅಷ್ಟೇ.

ಆಮೇಲೆ ಆ 400 ಪ್ಲೇಟ್ ಹೇಳಿದ್ದು ಯಾರು, ದುಡ್ಡು ಯಾವ ಖಾತೆಯಿಂದ ಬಂತು? ಅಸಲಿ ಕೆಲಸ ಇದೇ. ಕೇಟರಿಂಗ್ ಮಾಡಿದ ಹೋಟೆಲ್ ಮಾಲೀಕರು ತಾವಾಗಿಯೇ ಸಾಕ್ಷಿಗೆ ಬರುವುದಿಲ್ಲ, ನಾಳೆ ಅದೇ ಜನರ ಮುಂದೆ ನಿಲ್ಲಬೇಕಲ್ವಾ? ಸುಮ್ನೆ ಕಾಡಬೇಡಿ, ಪುಸ್ತಕ ಸಮೇತ ಸಮನ್ಸ್ ಕಳಿಸಲು ಕೋರ್ಟನ್ನು ಕೇಳಿ.

ಮೊಬೈಲ್ ವಿಡಿಯೋದ ಪ್ರತಿ ಕೊಡುವುದಾದರೆ, ಅದು ಯಾವ ಸಾಧನದಿಂದ ಹೇಗೆ ತಯಾರಾಯಿತು ಅಂತ ಹೇಳುವ ಪ್ರಮಾಣಪತ್ರ ಬೇಕು. ಜಾಲ್ನಾ ಕ್ಷೇತ್ರದ ಖೋತ್ಕರ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ವಿಡಿಯೋ ಅಧಿಕಾರಿಗಳದ್ದಾಗಿದ್ದು ಅವರು ಪ್ರಮಾಣಪತ್ರ ಕೊಡದಿದ್ದರೆ, ಕೊಡಿಸಿ ಅಂತ ಕೋರ್ಟಿಗೇ ಅರ್ಜಿ ಹಾಕಿ. ವಾಟ್ಸಾಪ್ ಫಾರ್ವರ್ಡ್‌ಗೆ ಅಲ್ಲಿ ಕಿಮ್ಮತ್ತಿಲ್ಲ, ಕ್ರಿಮಿನಲ್ ಕೇಸಿನಷ್ಟೇ ಗಟ್ಟಿ ಪುರಾವೆ ಕೇಳುತ್ತಾರೆ.

ಅರ್ಜಿಯಲ್ಲಿ ಯಾರು, ಯಾವತ್ತು, ಎಲ್ಲಿ, ಎಷ್ಟು ಅಂತ ಬಿಡಿಸಿ ಬರೆಯಿರಿ, ಭ್ರಷ್ಟ ಆಚರಣೆಯ ಆರೋಪಕ್ಕೆ ಬೇಕಾದ ನಮೂನೆ 25ರ ಅಫಿಡವಿಟ್ ಲಗತ್ತಿಸಿ. ಪ್ರತಿವಾದಿಗಳು ಎಷ್ಟು ಜನವೋ ಅಷ್ಟು ಪ್ರತಿ ಕೊಡಿ, ಒಂದೊಂದರ ಮೇಲೂ 'ನಿಜಪ್ರತಿ' ಅಂತ ನಿಮ್ಮದೇ ಸಹಿ ಇರಲಿ.